ಹಾಯಿದೋಣಿಯ ಜಾತಕ ಬರೆದ ಸೂತ್ರಗಳು

1886ರಲ್ಲಿ ‘ಊನಾ’ ಎಂಬ ಹೊಚ್ಚಹೊಸ ಹಾಯಿದೋಣಿ ಐರ್ಲೆಂಡಿನ ಕರಾವಳಿಯಲ್ಲಿ ಒಡೆದು ಚೂರಾಯಿತು. ನೀರಿನ ಮಟ್ಟದಲ್ಲಿ ಅದರ ಉದ್ದ 34 ಅಡಿ, ಅಗಲ ಬರೀ ಐದೂವರೆ ಅಡಿ. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಸತ್ತವರಲ್ಲಿ ಅದನ್ನು ವಿನ್ಯಾಸ ಮಾಡಿದ ವಿಲಿಯಂ ಪೇಟನ್ ಕೂಡ ಒಬ್ಬ. ದೋಣಿಯನ್ನು ಒಡೆದದ್ದು ಬಿರುಗಾಳಿ. ಆದರೆ ನಿಲ್ಲಿಸಿದ ಹಲಗೆಯಂಥ ಆ ಆಕಾರವನ್ನು ಕೊಟ್ಟದ್ದು ಒಂದು ಲೆಕ್ಕ.

ಲಂಡನ್ನಿನ ರಾಯಲ್ ಥೇಮ್ಸ್ ಯಾಟ್ ಕ್ಲಬ್ 1855ರಲ್ಲಿ ಪಂದ್ಯದ ದೋಣಿಗಳ ಗಾತ್ರ ಅಳೆಯಲು ಒಂದು ನಿಯಮ ತಂದಿತು. ದೋಣಿಯ ಆಳವನ್ನು ಅಳೆಯುವ ತೊಂದರೆ ಬೇಡವೆಂದು ಅಗಲದ ಅರ್ಧವನ್ನೇ ಆಳವೆಂದು ಹಿಡಿದರು. ಹೀಗೆ ಅಗಲ ಎರಡು ಸಲ ಲೆಕ್ಕಕ್ಕೆ ಬಂತು, ನಿಜವಾದ ಆಳ ಬರಲೇ ಇಲ್ಲ. ವಿನ್ಯಾಸಕಾರರಿಗೆ ಇಷ್ಟು ಸುಳಿವು ಸಾಕಾಯಿತು. ದೋಣಿಯನ್ನು ಕಿರಿದುಗೊಳಿಸಿ, ಅಡಿಯಲ್ಲಿ ಸೀಸದ ಭಾರ ತೂಗುಹಾಕಿದರು. ಮುಂದೆ ನಿಯಮವನ್ನು ತಿದ್ದಿದಾಗಲೂ ಅಗಲಕ್ಕೆ ದಂಡ ತಪ್ಪಲಿಲ್ಲ. ಊನಾ ಒಡೆದ ಹೊತ್ತಿಗೆ ಡಿಕ್ಸನ್ ಕೆಂಪ್ ಪ್ರತಿಪಾದಿಸಿದ ಬೇರೊಂದು ನಿಯಮ ಬಂತು. ಅದರಲ್ಲಿ ಉದ್ದಕ್ಕೂ ಹಾಯಿಯ ವಿಸ್ತೀರ್ಣಕ್ಕೂ ಮಾತ್ರ ಲೆಕ್ಕವಿತ್ತು. ದೋಣಿಗಳು ಮತ್ತೆ ಅಗಲವಾದವು.

ಇಂದು ದೂರ ಪಯಣಕ್ಕೆ ಹಾಯಿದೋಣಿ ಕೊಳ್ಳುವವರು ಜಾತಕ ನೋಡುವಂತೆ ನೋಡುವ ಅನುಪಾತಗಳ ಹಿಂದೆಯೂ ಇಂಥದೇ ಕಥೆಗಳಿವೆ. ಒಂದೊಂದು ಅಂಕಿ ಒಂದೊಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು. ಆ ಪ್ರಶ್ನೆ ಯಾವುದೆಂಬುದನ್ನು ಮರೆತು ಉತ್ತರವನ್ನಷ್ಟೇ ಇಟ್ಟುಕೊಂಡರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಇವುಗಳಲ್ಲಿ ಗಟ್ಟಿಯಾದದ್ದು ವೇಗದ ಮಿತಿ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ 1867ರಲ್ಲಿ ಡಾರ್ಟ್ ನದಿಯಲ್ಲಿ ‘ಸ್ವಾನ್’, ‘ರೇವನ್’ ಎಂಬ ಮಾದರಿಗಳನ್ನು ಎಳೆಸಿ ನೋಡಿದ. ನೌಕಾಪಡೆ ಹಣ ಕೊಟ್ಟ ಮೇಲೆ ಟಾರ್ಕೀಯಲ್ಲಿ ಪರೀಕ್ಷಾ ತೊಟ್ಟಿಯನ್ನೇ ಕಟ್ಟಿದ. ಚಲಿಸುವ ದೋಣಿ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಷ್ಟೂ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದ ಮೇಲೆ, ಭಾರದ ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಲು ಹೆಣಗುತ್ತದೆ. ನೀರಿನ ಮಟ್ಟದ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ವೇಗ ನಾಟ್‌ಗಳಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸಿಗುತ್ತದೆ. 25 ಅಡಿಗೆ 6.7 ನಾಟ್, 36 ಅಡಿಗೆ 8. ಹಗುರವಾದ ಚಪ್ಪಟೆ ತಳದ ದೋಣಿಗಳೂ ಎರಡು ತೆಳು ಒಡಲಿನ ಕಟಮರಾನ್‌ಗಳೂ ಈ ಮಿತಿಯನ್ನು ದಾಟಿ ಓಡುತ್ತವೆ. ಹಾಗಾಗಿ ದೋಣಿ ಎಷ್ಟು ಹಗುರ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ನೌಕಾಪಡೆಯ ಡೇವಿಡ್ ಟೇಲರ್ ಯುದ್ಧನೌಕೆಗಳಿಗೆ ಬಳಸಿದ ಅನುಪಾತವೇ ಇದಕ್ಕೂ ಬಂತು: ಬ್ರಿಟಿಷ್ ಟನ್‌ಗಳಲ್ಲಿ ತೂಕ, ಭಾಗಿಸು ಅಡಿಗಳಲ್ಲಿ ಹಿಡಿದ ನೀರಿನ ಮಟ್ಟದ ಉದ್ದದ ನೂರನೇ ಒಂದು ಭಾಗದ ಘನ. 200ಕ್ಕಿಂತ ಕಡಿಮೆ ಬಂದರೆ ಹಗುರ, 300 ದಾಟಿದರೆ ಭಾರ ಎನ್ನುವುದು ವಾಡಿಕೆ. ಹಾಯಿಯ ವಿಸ್ತೀರ್ಣವನ್ನು ತೂಕಕ್ಕೆ ಹೋಲಿಸುವ ಮೂರನೆಯ ಅಂಕಿ ಮೆಲುಗಾಳಿಯಲ್ಲಿ ದೋಣಿ ಎಷ್ಟು ಚುರುಕು ಎಂಬುದನ್ನು ಹೇಳುತ್ತದೆ. ಮಾರುವವರು ದೊಡ್ಡ ಮುಂಹಾಯಿಯನ್ನೂ ಸೇರಿಸಿ ಇದನ್ನು ಉಬ್ಬಿಸುವುದುಂಟು.

ಉಳಿದೆರಡು ಅಂಕಿಗಳು ವೇಗದವಲ್ಲ, ಭಯದವು. 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟ 303 ದೋಣಿಗಳು ಐರಿಶ್ ಸಮುದ್ರದ ದಕ್ಷಿಣಕ್ಕೆ ಬಿರುಗಾಳಿಗೆ ಸಿಕ್ಕವು. ಪಂದ್ಯದಲ್ಲಿದ್ದ 15 ಮಂದಿ ಸತ್ತರು. 24 ದೋಣಿಗಳನ್ನು ನಾವಿಕರು ತೊರೆದರು, ಐದು ಮುಳುಗಿದವು. ಆ ಕಾಲದ ಪಂದ್ಯನಿಯಮ ಈ ಸಲ ಅಗಲ ನಡುವಿನ ಹಗುರ ದೋಣಿಗಳಿಗೆ ಒಲಿದಿತ್ತು. ಬಳಿಕ ಅಮೆರಿಕದಲ್ಲಿ ನಡೆದ ಅಧ್ಯಯನದಿಂದ ಬಂದದ್ದು ಮಗುಚುವಿಕೆಯ ಸೂತ್ರ: ಅಡಿಗಳಲ್ಲಿ ಅಗಲವನ್ನು, ದೋಣಿ ತಳ್ಳುವ ನೀರಿನ ಘನ ಅಡಿಗಳ ಘನಮೂಲದಿಂದ ಭಾಗಿಸಬೇಕು, ಉತ್ತರ 2 ದಾಟಬಾರದು. ಅದೇ ಪಂದ್ಯದಲ್ಲಿ ಅತಿ ಸಣ್ಣ ದೋಣಿಗಳ ವರ್ಗದಿಂದ ಗುರಿ ಮುಟ್ಟಿದ್ದು ಕಾಂಟೆಸ್ಸಾ 32 ಎಂಬ ಮಾದರಿಯ ‘ಅಸೆಂಟ್’ ಎಂಬ ಒಂದೇ ಒಂದು ದೋಣಿ. ಆ ಮಾದರಿಯ ಅಂಕಿ ಸುಮಾರು 1.8.

ಸೂತ್ರ ಗೆದ್ದಂತೆ ಕಾಣುತ್ತದೆ, ನಿಜ. ಆದರೆ ಕಾಂಟೆಸ್ಸಾದ ತೂಕದಲ್ಲಿ ಅರ್ಧದ ಹತ್ತಿರ ಕೀಲ್‌ನಲ್ಲಿ, ಅಂದರೆ ತಳದಿಂದ ಕೆಳಗಿಳಿದ ಭಾರದ ರೆಕ್ಕೆಯಲ್ಲಿ, ಇದೆ, ಮತ್ತು ಸೂತ್ರಕ್ಕೆ ಅದು ಕಾಣುವುದೇ ಇಲ್ಲ. ಅಷ್ಟೂ ಸೀಸವನ್ನು ಕಿತ್ತು ಕೂವೆಮರದ ತುದಿಗೆ ಕಟ್ಟಿದರೂ ಉತ್ತರ ಅದೇ 1.8. ಅಲೆಯಲ್ಲಿ ದೋಣಿ ಎಷ್ಟು ಒದ್ದಾಡುತ್ತದೆ ಎಂದು ಹೇಳುವ ‘ಆರಾಮದ ಅನುಪಾತ’ವನ್ನಂತೂ ಅದನ್ನು ರೂಪಿಸಿದ ವಿನ್ಯಾಸಕಾರ ಟೆಡ್ ಬ್ರೂವರ್ ಅವರೇ ಅರ್ಧ ತಮಾಷೆಗೆ ಮಾಡಿದ್ದೆಂದು ಹೇಳಿಕೊಂಡಿದ್ದರು. ಕೊಳ್ಳುವವರು ತಮಾಷೆಯನ್ನು ಬಿಟ್ಟು ಅಂಕಿಯನ್ನು ಉಳಿಸಿಕೊಂಡರು.

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ತೂಕ. ಮಾರಾಟದ ಕೈಪಿಡಿಯಲ್ಲಿ ಇರುವುದು ಖಾಲಿ ದೋಣಿಯ ತೂಕ. ಸಾಗರ ದಾಟುವವರು ಅದಕ್ಕೆ ನೀರು, ಡೀಸೆಲ್, ಅಕ್ಕಿಬೇಳೆ, ಲಂಗರಿನ ಸರಪಳಿ, ಬ್ಯಾಟರಿ ಎಲ್ಲ ತುಂಬುತ್ತಾರೆ. ಸುಮಾರು 4,300 ಕಿಲೋ ತೂಗುವ ಕಾಂಟೆಸ್ಸಾಕ್ಕೆ ಇನ್ನೊಂದು ಸಾವಿರ ಕಿಲೋ ಹೇರಿ ಲೆಕ್ಕ ಹಾಕಿ ನೋಡಿ. ತೂಕ-ಉದ್ದದ ಅನುಪಾತ 307ರಿಂದ 378ಕ್ಕೆ ಏರುತ್ತದೆ. ಹಾಯಿ-ತೂಕದ ಅಂಕಿ ನೂರಕ್ಕೆ ಹದಿಮೂರರಷ್ಟು ಇಳಿಯುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಮಗುಚುವಿಕೆಯ ಅಂಕಿ ಇನ್ನಷ್ಟು ಸುರಕ್ಷಿತವಾಗುತ್ತದೆ, ಆರಾಮದ ಅಂಕಿಯೂ ಏರುತ್ತದೆ! ಡೆಕ್ ಮೇಲೆ ಡಬ್ಬಗಳನ್ನು ಕಟ್ಟಿ ಮೇಲ್ಭಾರ ಮಾಡಿಕೊಂಡವನಿಗೂ ಸೂತ್ರ ಬೆನ್ನು ತಟ್ಟುತ್ತದೆ.

ವೇಗದ ಅಂಕಿಯೂ ಪಯಣದ ಹಣೆಬರಹವಲ್ಲ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ‘ಸುಹೈಲಿ’ ಯಾವ ಲೆಕ್ಕದಲ್ಲೂ ನಿಧಾನದ, ಭಾರದ ದೋಣಿ. ಅದರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 312 ದಿನಗಳಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿ 1969ರ ಏಪ್ರಿಲ್‌ನಲ್ಲಿ ದಡ ಸೇರಿದರು. ಸೂತ್ರ 7 ನಾಟ್ ಕೊಡುತ್ತಿತ್ತು. ಸರಾಸರಿ ಬಂದದ್ದು 4ರ ಆಸುಪಾಸು. ಅದೊಂದು ಪಂದ್ಯವಾಗಿತ್ತು; ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದ್ದು ಅವರೊಬ್ಬರೇ. ಸುಹೈಲಿಗಿಂತ ವೇಗವಾಗಿ ಬರುತ್ತಿದ್ದ ‘ವಿಕ್ಟ್ರೆಸ್’ ಎಂಬ ಮೂರೊಡಲಿನ ದೋಣಿ ಕೊನೆಯ ಹಂತದಲ್ಲಿ ಬಿರಿದು ಮುಳುಗಿತು.

ವಿನ್ಯಾಸಕಾರರು ಈ ಸರಳ ಭಾಗಾಕಾರಗಳನ್ನು ದಾಟಿ ಬಹಳ ದಿನವಾಯಿತು. 1970ರ ದಶಕದಲ್ಲಿ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯಲ್ಲಿ ನಡೆದ ಕೆಲಸದಿಂದ ದೋಣಿಯ ವೇಗವನ್ನು ಕಂಪ್ಯೂಟರ್ ಮುಂದಾಗಿ ಹೇಳತೊಡಗಿತು. ಸ್ಥಿರತೆಗೆ ಐಎಸ್ಒ 12217 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ದೋಣಿ ಎಷ್ಟು ವಾಲಿದರೆ ಎಷ್ಟು ಬಲದಿಂದ ಎದ್ದು ನಿಲ್ಲುತ್ತದೆ ಎಂಬ ಪೂರ್ಣ ರೇಖೆಯನ್ನು ಅದು ಕೇಳುತ್ತದೆ. ಹಳೆಯ ದೋಣಿಗೆ ಆ ರೇಖೆ ಸಿಗುವುದು ಅಪರೂಪ. ಆದ್ದರಿಂದ ಅನುಪಾತಗಳು ಉಳಿದಿವೆ. ಒಂದೇ ಗಾತ್ರದ, ಒಂದೇ ಬಗೆಯ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಅವು ಸಾಕು. ತೂಕವನ್ನು ಮಾತ್ರ ಕೈಪಿಡಿಯಿಂದ ತೆಗೆದುಕೊಳ್ಳಬೇಡಿ. ದೋಣಿಯನ್ನು ಬಣ್ಣ ಬಳಿಯಲು ಮೇಲೆತ್ತಿದ ದಿನ ಕ್ರೇನಿನ ಮಾಪಕ ಏನು ತೋರಿಸಿತೆಂದು ಮಾಲೀಕರನ್ನು ಕೇಳಿ.