ಪದ ಪರಿಚಯ: ಸಹ-ಕ್ಯುರೇಶನ್

ಬೈಕಲಾದ ರಾಣಿಬಾಗ್ ಮೃಗಾಲಯದ ಪಕ್ಕದಲ್ಲೇ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. 1872ರಲ್ಲಿ ತೆರೆದದ್ದು, ಮುಂಬಯಿಯಲ್ಲೇ ಎಲ್ಲಕ್ಕಿಂತ ಹಳೆಯದು. ಊರಿಂದ ನೆಂಟರು ಬಂದರೆ ಮೊದಲು ಪ್ರಾಣಿಗಳನ್ನು ತೋರಿಸಿ, ಆಮೇಲೆ ಬಿಸಿಲು ತಪ್ಪಿಸಿಕೊಳ್ಳೋಕೆ ಅಲ್ಲಿಗೆ ನುಗ್ಗುವುದು ನಮ್ಮ ಮನೆಯ ವಾಡಿಕೆ. ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಪುಟ್ಟ ಮಣ್ಣಿನ ಗೊಂಬೆಗಳಿವೆ. ಈ ಶಹರದಲ್ಲಿ ಆಗ ಯಾವ ಯಾವ ಜನ ಇದ್ದರು, ಏನು ಉಡುತ್ತಿದ್ದರು, ಯಾವ ಕಸುಬು ಮಾಡುತ್ತಿದ್ದರು ಅಂತ ತೋರಿಸುವ ಗೊಂಬೆಗಳು. ನೋಡಲು ತುಂಬಾ ಚೆಂದ. ಆದರೆ ಅವು ಒಂದೊಂದು ಜಾತಿಯ, ಒಂದೊಂದು ಕಸುಬಿನ ಮಾದರಿಗಳು. ‘ನಿಮ್ಮನ್ನು ಹೀಗೆ ತೋರಿಸಬಹುದಾ?’ ಅಂತ ಆ ಜನರನ್ನು ಕೇಳುವ ರೂಢಿಯೇ ಆ ಕಾಲದಲ್ಲಿ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳುವುದಕ್ಕೇ ಈಗ ಒಂದು ಹೆಸರಿದೆ: ಸಹ-ಕ್ಯುರೇಶನ್.

ಕ್ಯುರೇಟರ್ ಅನ್ನುವ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ಅದರ ಅರ್ಥ ‘ನೋಡಿಕೊಳ್ಳುವವನು’, ‘ಜೋಪಾನ ಮಾಡುವವನು’. ಮ್ಯೂಸಿಯಂನಲ್ಲಿ ಯಾವ ವಸ್ತು ಇಡಬೇಕು, ಯಾವುದರ ಪಕ್ಕ ಇಡಬೇಕು, ಅದರ ಬಗ್ಗೆ ಏನು ಬರೆಯಬೇಕು ಅಂತ ತೀರ್ಮಾನಿಸುವವರು ಇವರು. ಈ ತೀರ್ಮಾನದಲ್ಲಿ ಆ ವಸ್ತು ಯಾರ ಬದುಕಿನದೋ ಅವರೂ ಕೂತರೆ ಅದು ಸಹ-ಕ್ಯುರೇಶನ್. ಸುಮ್ನೆ ವಸ್ತು ಕೊಟ್ಟು, ಉದ್ಘಾಟನೆಗೆ ಬಂದು, ಫೋಟೋ ತೆಗೆಸಿಕೊಂಡು ಹೋದರೆ ಅಲ್ಲ.

ಮ್ಯೂಸಿಯಂ ಜನರ ಬಳಿಗೆ ಹೋಗುವುದೂ ಇದೂ ಒಂದೇ ಅಂತ ಅನೇಕರು ಅಂದುಕೊಳ್ಳುತ್ತಾರೆ. ಕೋಟೆ ಭಾಗದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ 2015ರಿಂದ ‘ಮ್ಯೂಸಿಯಂ ಆನ್ ವೀಲ್ಸ್’ ಎಂಬ ಬಸ್ಸು ಓಡಿಸುತ್ತಿದೆ. ಮ್ಯೂಸಿಯಂವರೆಗೆ ಬರಲಾಗದ ಮಕ್ಕಳ ಹತ್ತಿರ ಮ್ಯೂಸಿಯಮ್ಮೇ ಹೋಗುತ್ತದೆ. ಒಳ್ಳೆಯ ಕೆಲಸ. ಆದರೆ ಬಸ್ಸಿನೊಳಗೆ ಏನಿರಬೇಕು ಅನ್ನುವ ಮಾತಿನಲ್ಲಿ ಆ ಊರಿನವರೂ ಸೇರಿದಾಗ ಮಾತ್ರ ಈ ಪದ ಹೊಂದುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇಲಿಗಳದ್ದು. ಅಮೆರಿಕದ ವಾಷಿಂಗ್ಟನ್‌ನಲ್ಲಿ ಕಪ್ಪು ಜನ ಜಾಸ್ತಿ ಇದ್ದ ಅನಕೋಸ್ಟಿಯಾ ಅನ್ನುವ ಬಡಾವಣೆಯಲ್ಲಿ, 1967ರಲ್ಲಿ, ಹಲವು ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಹಳೆಯ ಸಿನಿಮಾ ಥಿಯೇಟರ್ ಒಂದರಲ್ಲಿ ಸಣ್ಣ ಮ್ಯೂಸಿಯಂ ತೆರೆಯಿತು. ಆ ಬಡಾವಣೆಯ ದಿನನಿತ್ಯದ ಪೀಡೆ ಇಲಿಗಳು. 1969ರಲ್ಲಿ ಮ್ಯೂಸಿಯಂನವರು ಅಲ್ಲಿನವರೊಂದಿಗೆ ಸೇರಿ ಇಲಿಯ ಮೇಲೆಯೇ ಪ್ರದರ್ಶನ ಮಾಡಿದರು, ಜೀವಂತ ಇಲಿಗಳನ್ನು ಇಟ್ಟು! ಮ್ಯೂಸಿಯಂ ಅಂದರೆ ರಾಜರ ಕತ್ತಿ, ಒಡೆದ ಮೂರ್ತಿ ಅಂದುಕೊಂಡವರಿಗೆ ಹೇಗಾಗಿರಬೇಡ? ಆದರೆ ಆ ಓಣಿಯವರಿಗೆ ಅದು ತಮ್ಮದೇ ಮಾತು. 2022ರಲ್ಲಿ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ ಪ್ರಾಗ್‌ನಲ್ಲಿ ಒಪ್ಪಿದ ಮ್ಯೂಸಿಯಂನ ಹೊಸ ವ್ಯಾಖ್ಯೆಯೊಳಗೆ ‘ಸಮುದಾಯಗಳ ಪಾಲ್ಗೊಳ್ಳುವಿಕೆ’ ಎಂಬ ಮಾತು ಸೇರಿತು. ಇಲಿಗಳಿಂದ ಆ ಸಾಲಿನವರೆಗೆ ಐವತ್ತಕ್ಕೂ ಜಾಸ್ತಿ ವರ್ಷ.

ಕೆಲಸ ನಡೆಯುವ ಬಗೆ ಕೇಳಲು ಸುಲಭ. ಮಾಡಲು ಹೊರಟರೆ ಜಗಳ ಶುರು. ಮೊದಲು ಕೂತು ಮಾತು. ಮನೆಯವರು ವಸ್ತು ತರುತ್ತಾರೆ, ಅದರ ಕಥೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡುತ್ತಾರೆ. ವಸ್ತು ದಾನವೋ, ಕೆಲವು ತಿಂಗಳ ಎರವಲೋ ಅಂತ ಕಾಗದದಲ್ಲಿ ಬರೆಯಬೇಕು. ಈ ಕಾಗದ ಓದದೆ ಸಹಿ ಮಾಡಬೇಡಿ. ದಾನ ಅಂತ ಬರೆದುಕೊಟ್ಟರೆ ಸಾಮಾನ್ಯವಾಗಿ ಅಜ್ಜಿಯ ಕಾಲುದೀಪ ಮರಳಿ ಮನೆಗೆ ಬರುವುದಿಲ್ಲ.

ಕಾಲುದೀಪ ಅಂದೆನಲ್ಲ, ಅದನ್ನೇ ನೋಡಿ. ನಮ್ಮ ಮನೆಯಲ್ಲಿ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಚಿನ್ನದ ಹಾಗೆ ಮಾಡುತ್ತಾರೆ. ಮ್ಯೂಸಿಯಂನವರಿಗೆ ಅದು ಎದೆ ಒಡೆಯುವ ದೃಶ್ಯ. ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ, ಹಳೆಯ ಮೇಲ್ಪದರ ಹೋಗುತ್ತದೆ ಅನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ಕರಿಕಟ್ಟಿದ ದೀಪವನ್ನು ಜನರ ಮುಂದೆ ಇಡುವುದು ನಮ್ಮ ಅತ್ತೆಯ ಲೆಕ್ಕದಲ್ಲಿ ಮರ್ಯಾದೆಯ ಪ್ರಶ್ನೆ. ಇಬ್ಬರೂ ಜೋಪಾನ ಮಾಡುವವರೇ, ಅಲ್ವಾ? ಯಾರ ಮಾತು ನಡೆಯಬೇಕು ಅಂತ ಕೂತು ತೀರ್ಮಾನಿಸುವುದೇ ಈ ಪದದೊಳಗಿನ ‘ಸಹ’.

ಧಾರಾವಿಯಲ್ಲಿ 2016ರಲ್ಲಿ ಗಾಡಿಯ ಮೇಲೆ ಒಂದು ಸಣ್ಣ ಡಿಸೈನ್ ಮ್ಯೂಸಿಯಂ ಓಡಾಡಿತು. ಅಲ್ಲಿನವರೇ ಮಾಡಿದ ಮಡಕೆ, ಪೊರಕೆಯಂಥ ವಸ್ತುಗಳು ಅದರಲ್ಲಿದ್ದವು. ಶುರು ಮಾಡಿದ್ದು ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ ಇಬ್ಬರು. ಮಾಡಿದವರ ಓಣಿಯಲ್ಲೇ ಅವರ ವಸ್ತು ನಿಂತದ್ದು ನನಗೆ ಹಿಡಿಸಿತು. ಹೊರಗಿನವರು ಆರಂಭಿಸಿದ್ದು ಎಷ್ಟರಮಟ್ಟಿಗೆ ‘ನಮ್ಮದು’ ಅನ್ನುವ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ.

ಒಳಗಿನವರು ಅಂದರೆ ಯಾರು ಅನ್ನುವುದು ಇನ್ನೂ ಕಷ್ಟ. ಮುಂಬಯಿ ಕನ್ನಡಿಗರ ಬಗ್ಗೆ ಒಂದು ಪ್ರದರ್ಶನ ಮಾಡೋಣ ಅಂತ ಯಾವುದಾದರೂ ಮ್ಯೂಸಿಯಂ ನಮ್ಮನ್ನು ಕರೆಯಿತು ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ಕೂರುವವರು ಸಂಘಗಳ ಅಧ್ಯಕ್ಷರು. ಮಾಟುಂಗಾದ ಉಡುಪಿ ಹೋಟೆಲು, ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್ನಿನ ನಾಟಕದ ಫೋಟೋ ಎಲ್ಲ ಬರುತ್ತವೆ. ಬರಲೇಬೇಕು. ಆದರೆ ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸಿದ ಹುಡುಗ ಏನು ತರುತ್ತಾನೆ? ಮಾಲೀಕರ ಕಥೆ ಮತ್ತು ಅವನ ಕಥೆ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವಾ? ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಕಟ್ಟಡದ ಕೆಲಸ ಹುಡುಕಿ ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆಯ ಮೂಲೆಯಲ್ಲಿ, ನಿಲ್ಲುವವರೂ ಕನ್ನಡಿಗರೇ. ಅವರಿಗೆ ಆ ಸಭೆಯ ಸುದ್ದಿಯೂ ಮುಟ್ಟುವುದಿಲ್ಲ. ಮುಟ್ಟಿದರೂ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಅದಕ್ಕೇ ಬಂದವರಿಗೆ ಆ ದಿನದ ಹಣ ಕೊಡಬೇಕು, ಸಭೆ ಭಾನುವಾರ ಇಡಬೇಕು ಅಂತ ನಾನು ಹೇಳುವುದು. ‘ಸಮುದಾಯ’ ಅಂತ ಒಂದೇ ಪದದಲ್ಲಿ ಹೇಳಿ ಮುಗಿಸಿದರೆ ಒಳಗಿನ ದೊಡ್ಡವರೇ ಕ್ಯುರೇಟರ್ ಆಗಿಬಿಡುತ್ತಾರೆ.

ಕನ್ನಡದಲ್ಲಿ ಇದಕ್ಕೆ ಏನನ್ನೋಣ? ‘ಸಹ-ಸಂಯೋಜನೆ’ ಅನ್ನಬಹುದು, ಆದರೆ ಆಮಂತ್ರಣ ಪತ್ರಿಕೆಯ ಭಾಷೆ ಅದು. ‘ಕೂಡಿ ಜೋಡಿಸುವುದು’ ನನಗೆ ಹೆಚ್ಚು ಇಷ್ಟ.

ಒಮ್ಮೆ ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಅವರ ಅಪ್ಪ ಮಂಗಳೂರಿನಿಂದ ಹಡಗಿನಲ್ಲಿ ಬಂದಾಗ ತಂದ ಕಬ್ಬಿಣದ ಟ್ರಂಕ್ ಇನ್ನೂ ಮನೆಯಲ್ಲಿದೆ. ನಾನು ಚೀಟಿ ಬರೆದೆ: ‘ಟ್ರಂಕ್, ಕಬ್ಬಿಣ, ದಕ್ಷಿಣ ಕನ್ನಡ.’ ಅತ್ತೆ ಕನ್ನಡಕ ಏರಿಸಿ ಓದಿದರು. ಆಮೇಲೆ ಕೆಳಗೆ ತಾವೇ ಪೆನ್ನಿನಲ್ಲಿ ಸೇರಿಸಿದರು: ‘ಬೀಗದ ಕೈ ಕಳೆದಿದೆ. ಇದರ ಮೇಲೆಯೇ ಆರು ವರ್ಷ ಮಲಗಿದರು. ಖೋಲಿಯಲ್ಲಿ ಬೇರೆ ಜಾಗ ಇರಲಿಲ್ಲ.’