ಮೀಟಿದ ತಂತಿಯ ಮೇಲೆ ಓಡುವ ಮೂಲೆಗಳು

ಮೀಟಿದ ತಂತಿಯ ಚಿತ್ರ ಬರೆಯಿರಿ ಅಂದರೆ ಹೆಚ್ಚಿನವರು ಒಂದು ಕಣ್ಣಿನ ಆಕಾರ ಬರೆಯುತ್ತಾರೆ. ನಡುವೆ ಉಬ್ಬು, ಎರಡೂ ತುದಿಯಲ್ಲಿ ಚೂಪು. ತಂತಿ ಇಡಿಯಾಗಿ ಉಯ್ಯಾಲೆ ಥರ ಆಚೆ ಈಚೆ ತೂಗುತ್ತದೆ ಅಂತ ನಾನೂ ತುಂಬಾ ವರ್ಷ ನಂಬಿದ್ದೆ, ಕಣ್ಣಿಗೂ ಹಾಗೇ ಕಾಣುತ್ತಲ್ವಾ. ತಂತಿಯ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಅಂತ ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಗಿಟಾರಿನ ಒಂದು ತಂತಿಯನ್ನು ಸರಿಯಾಗಿ ನಡುಮಧ್ಯೆ ಹಿಡಿದು ಸ್ವಲ್ಪ ಮೇಲಕ್ಕೆ ಎಳೆಯಿರಿ. ಬಿಡುವ ಮೊದಲು ಅದು ಒಂದು ತಗ್ಗಾದ ತ್ರಿಕೋನ, ಬೆರಳು ಇರುವ ಕಡೆ ಒಂದು ಮೂಲೆ. ಬಿಟ್ಟ ತಕ್ಷಣ ಆ ಮೂಲೆ ಎರಡಾಗುತ್ತದೆ. ಒಂದು ಎಡಕ್ಕೆ ಓಡುತ್ತದೆ, ಇನ್ನೊಂದು ಬಲಕ್ಕೆ. ಎರಡರ ನಡುವೆ ತಂತಿ ಮಟ್ಟಸವಾಗಿ ಕೆಳಗಿಳಿಯುತ್ತದೆ. ಮೂಲೆ ಇನ್ನೂ ತಲುಪದ ಭಾಗ ಇದೆಯಲ್ಲ, ಅದು ಒಂದಿಷ್ಟೂ ಅಲುಗುವುದಿಲ್ಲ, ಬೆರಳು ಎಳೆದು ಹಿಡಿದಾಗ ಹೇಗಿತ್ತೋ ಹಾಗೇ ಓರೆಯಾಗಿ ನಿಂತಿರುತ್ತದೆ. ನೀವು ಕೈಬಿಟ್ಟಿದ್ದೀರಿ ಅನ್ನುವ ಸುದ್ದಿಯೇ ಅದಕ್ಕೆ ಇನ್ನೂ ಮುಟ್ಟಿಲ್ಲ. ಮೂಲೆ ಬರಬೇಕು, ಬಂದ ಮೇಲೇ ಅದು ಹೊರಡಬೇಕು. ಎರಡೂ ಮೂಲೆಗಳು ತುದಿ ಮುಟ್ಟುವ ಹೊತ್ತಿಗೆ ತಂತಿ ಪೂರ್ತಿ ನೇರ. ಆಮೇಲೆ ಅವು ತಿರುಗಿ ಒಳಕ್ಕೆ ಓಡಿ ಬರುತ್ತವೆ, ನಡುವೆ ಕೂಡುತ್ತವೆ, ಆಗ ತಂತಿ ತಲೆಕೆಳಗಾದ ತ್ರಿಕೋನ. ನಮ್ಮ ಕಣ್ಣು ಈ ಓಟವನ್ನು ಹಿಡಿಯಲಾರದೆ ಎಲ್ಲವನ್ನೂ ಕಲಸಿ ಒಂದು ಮಸುಕು ಉಬ್ಬನ್ನು ತೋರಿಸುತ್ತದೆ.

(ಫೋನಿನಲ್ಲಿ ವಿಡಿಯೋ ಮಾಡಿದರೆ ತಂತಿ ಹಾವಿನಂತೆ ಸುರುಳಿ ಸುರುಳಿಯಾಗಿ ಕಾಣುತ್ತದೆ. ಅದನ್ನೇ ಅಲೆ ಅಂದುಕೊಳ್ಳಬೇಡಿ. ಫೋನಿನ ಕ್ಯಾಮೆರಾ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ, ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ, ಅಷ್ಟರಲ್ಲಿ ತಂತಿ ಎಲ್ಲೋ ಹೋಗಿರುತ್ತದೆ. ಆ ಸುರುಳಿ ಕ್ಯಾಮೆರಾದ್ದು, ತಂತಿಯದ್ದಲ್ಲ.)

ಹಾಗಾದರೆ ಆ ಮೂಲೆ ಎಷ್ಟು ವೇಗವಾಗಿ ಓಡುತ್ತದೆ? ಅದನ್ನು ಹುಡುಕಲು ಒಂದು ದಾರಿ ಇದೆ, ನನಗೆ ಭೌತಶಾಸ್ತ್ರದಲ್ಲೇ ತುಂಬಾ ಇಷ್ಟವಾದ ದಾರಿಗಳಲ್ಲಿ ಒಂದು.

ಬಿಗಿಯಾಗಿ ಕಟ್ಟಿದ ಹಗ್ಗಕ್ಕೆ ಒಂದು ಏಟು ಕೊಟ್ಟಿದ್ದೀರಿ, ಒಂದು ಉಬ್ಬು ಎಡದಿಂದ ಬಲಕ್ಕೆ ಓಡುತ್ತಿದೆ. ಅದರ ಪಕ್ಕದಲ್ಲೇ, ಅದೇ ವೇಗದಲ್ಲಿ, ನೀವೂ ಓಡುತ್ತಿದ್ದೀರಿ ಅಂದುಕೊಳ್ಳಿ. ಈಗ ನಿಮ್ಮ ಪಾಲಿಗೆ ಉಬ್ಬು ನಿಂತಲ್ಲೇ ನಿಂತಿದೆ. ಹಗ್ಗವೇ ಬಲದಿಂದ ಎಡಕ್ಕೆ, ಬಾಗಿದ ಕೊಳವೆಯಲ್ಲಿ ನೀರು ಹರಿದ ಹಾಗೆ, ಆ ಉಬ್ಬಿನ ಮೂಲಕ ಹರಿದುಹೋಗುತ್ತಿದೆ. ಉಬ್ಬಿನ ನೆತ್ತಿಗೆ ಬಂದಾಗ ಹಗ್ಗದ ಪ್ರತಿಯೊಂದು ತುಣುಕೂ ಒಂದು ತಿರುವು ದಾಟಬೇಕು. ತಿರುವಿನಲ್ಲಿ ಹೊರಗೆ ಹಾರಿಹೋಗದೆ ಇರಬೇಕಾದರೆ ಅದನ್ನು ಯಾರೋ ಒಳಕ್ಕೆ ಎಳೆಯಬೇಕು. ಅಲ್ಲಿ ಎಳೆಯಲು ಇರುವುದು ಹಗ್ಗದ ಬಿಗಿತ ಒಂದೇ. ತಿರುವು ಕಡಿದಾಗಿದ್ದರೆ ಜಾಸ್ತಿ ಎಳೆತ ಬೇಕು ನಿಜ, ಆದರೆ ತಿರುವು ಕಡಿದಾದಷ್ಟೂ ಬಿಗಿತದ ಒಳಗೆಳೆತವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ ಉಬ್ಬು ದೊಡ್ಡದೋ ಚಿಕ್ಕದೋ, ಅಗಲವೋ ಕಿರಿದೋ ಅನ್ನುವುದು ಲೆಕ್ಕದಿಂದಲೇ ಹೊರಟುಹೋಗುತ್ತದೆ! ಉಳಿಯುವುದು ಇಷ್ಟು: ಒಂದು ಮೀಟರ್ ಹಗ್ಗದ ತೂಕವನ್ನು ವೇಗದ ವರ್ಗದಿಂದ ಗುಣಿಸಿದರೆ ಬಿಗಿತ ಸಿಗುತ್ತದೆ. ತಿರುಗಿಸಿ ಹೇಳಿದರೆ, ಬಿಗಿತವನ್ನು ಮೀಟರಿನ ತೂಕದಿಂದ ಭಾಗಿಸಿ ವರ್ಗಮೂಲ ತೆಗೆದರೆ ಅದೇ ವೇಗ. (ಉಬ್ಬು ತೀರಾ ಎತ್ತರ ಇರಬಾರದು, ಇದ್ದರೆ ಬಿಗಿತವೇ ಬದಲಾಗುತ್ತದೆ.)

ಆ ವರ್ಗಮೂಲವನ್ನು ನೆನಪಿಡಿ. ಅಲೆ ಎರಡು ಪಟ್ಟು ವೇಗವಾಗಿ ಓಡಬೇಕು ಅಂದರೆ ಬಿಗಿತ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು.

ಈಗ ಅಂಕಿ ಹಾಕಿ ನೋಡೋಣ. ಉಕ್ಕಿನ ತಂತಿಯ ಗಿಟಾರಿನಲ್ಲಿ ಅತಿ ಸಣ್ಣ ತಂತಿಯ ದಪ್ಪ ಸುಮಾರು 0.25 ಮಿಲಿಮೀಟರ್, ಅಂಥ ತಂತಿ ಒಂದು ಮೀಟರಿಗೆ ಬರೀ 0.4 ಗ್ರಾಂ ತೂಗುತ್ತದೆ. ಅದನ್ನು ಶ್ರುತಿ ಮಾಡಿದಾಗ ಅದರಲ್ಲಿರುವ ಬಿಗಿತ ಏಳೂವರೆ ಕೆಜಿ ತೂಕ ನೇತುಹಾಕಿದಷ್ಟು. ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 430 ಮೀಟರ್. ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್. ಅಂದರೆ ಆ ಸಣ್ಣ ತಂತಿಯ ಮೇಲಿನ ಮೂಲೆ ಶಬ್ದಕ್ಕಿಂತ ವೇಗವಾಗಿ ಓಡುತ್ತಿದೆ, ಕೈಯಲ್ಲಿ ಹಿಡಿದ ವಾದ್ಯದ ಮೇಲೆ! ಅದೇ ಗಿಟಾರಿನ ಅತಿ ದಪ್ಪ ತಂತಿಯಲ್ಲಿ ವೇಗ ಸೆಕೆಂಡಿಗೆ 107 ಮೀಟರ್ ಅಷ್ಟೇ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಇನ್ನೊಂದು ಮಾತು ಹೇಳಬೇಕು, ಬಿಡೋಕೆ ಮನಸ್ಸಿಲ್ಲ. ಎತ್ತರದಿಂದ ಸುಮ್ನೆ ಇಳಿಬಿಟ್ಟ ಹಗ್ಗವನ್ನು ಕೆಳತುದಿಯಲ್ಲಿ ಒಮ್ಮೆ ಅಲ್ಲಾಡಿಸಿದರೆ ಉಬ್ಬೊಂದು ಮೇಲಕ್ಕೆ ಹತ್ತುತ್ತದೆ. ಹತ್ತುತ್ತಾ ಹತ್ತುತ್ತಾ ಅದರ ವೇಗ ಹೆಚ್ಚುತ್ತದೆ, ಯಾಕೆಂದರೆ ಮೇಲೆ ಹೋದಷ್ಟೂ ಹಗ್ಗ ತನ್ನ ಕೆಳಗಿನ ಭಾಗವನ್ನೆಲ್ಲ ಹೊರಬೇಕು, ಹಾಗಾಗಿ ಬಿಗಿತ ಜಾಸ್ತಿ. ಹಗ್ಗ ದಪ್ಪ ಇರಲಿ ತೆಳು ಇರಲಿ, ವೇಗ ಒಂದೇ. ಭಾರದ ಹಗ್ಗದಲ್ಲಿ ಬಿಗಿತವೂ ಅಷ್ಟೇ ಹೆಚ್ಚಿರುತ್ತದೆ ನೋಡಿ. ಇನ್ನೂ ಚೆಂದ ಏನೆಂದರೆ, ಆ ಉಬ್ಬು ಬೀಳುವ ಕಲ್ಲಿನ ಹಾಗೆ ಒಂದೇ ಸಮನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಆದರೆ ಮೇಲ್ಮುಖವಾಗಿ, ಮತ್ತು ಕಲ್ಲಿನ ವೇಗ ಏರುವ ದರದ ಸರಿಯಾಗಿ ಅರ್ಧ ದರದಲ್ಲಿ. 10 ಮೀಟರ್ ಹಗ್ಗ ಹತ್ತಲು ಉಬ್ಬಿಗೆ 2 ಸೆಕೆಂಡ್ ಬೇಕು. ಮೇಲಿನಿಂದ ಬಿಟ್ಟ ಕಲ್ಲು ಅಷ್ಟೇ ದೂರ ಬೀಳಲು 1.4 ಸೆಕೆಂಡ್.

ಸರಿ, ಗಿಟಾರಿಗೆ ವಾಪಸ್. ಮೂಲೆ ತುದಿಗೆ ಹೋಗಿ ಮುಟ್ಟಿದಾಗ ಏನಾಗುತ್ತದೆ? ತುದಿ ಗಟ್ಟಿಯಾಗಿ ಕಟ್ಟಿದೆ, ಅಲುಗುವಂತಿಲ್ಲ. ಮೇಲ್ಮುಖದ ಉಬ್ಬು ಬಂದು ತುದಿಯನ್ನು ಮೇಲಕ್ಕೆ ಎಳೆಯುತ್ತದೆ, ತುದಿ ಅಷ್ಟೇ ಬಲದಿಂದ ತಂತಿಯನ್ನು ಕೆಳಕ್ಕೆ ಎಳೆಯುತ್ತದೆ. ಹೀಗಾಗಿ ಉಬ್ಬು ತಲೆಕೆಳಗಾಗಿ ಹಿಂದಿರುಗುತ್ತದೆ. ತುದಿ ಸಡಿಲವಾಗಿದ್ದರೆ, ಉದಾಹರಣೆಗೆ ಕಂಬದ ಮೇಲೆ ಜಾರುವ ಬಳೆಗೆ ಕಟ್ಟಿದ್ದರೆ, ಉಬ್ಬು ತಲೆಕೆಳಗಾಗದೆ ಹಾಗೇ ಮರಳುತ್ತದೆ. ಸಣ್ಣ ಹಗ್ಗವನ್ನು ದಪ್ಪ ಹಗ್ಗಕ್ಕೆ ಗಂಟು ಹಾಕಿದ್ದರೆ ಗಂಟಿನ ಹತ್ತಿರ ಉಬ್ಬು ಇಬ್ಭಾಗವಾಗಿ, ಒಂದು ಪಾಲು ಮುಂದೆ ಹೋಗುತ್ತದೆ, ಇನ್ನೊಂದು ಪಾಲು ತಲೆಕೆಳಗಾಗಿ ಹಿಂದೆ ಬರುತ್ತದೆ.

ಎದುರುಬದುರು ಬರುವ ಎರಡು ಉಬ್ಬುಗಳು ಡಿಕ್ಕಿ ಹೊಡೆಯುವುದಿಲ್ಲ, ಒಂದರೊಳಗೆ ಒಂದು ಹಾದು ಹೋಗುತ್ತವೆ. ಒಂದು ಮೇಲ್ಮುಖ, ಇನ್ನೊಂದು ಅಷ್ಟೇ ಗಾತ್ರದ ಕೆಳಮುಖ ಆಗಿದ್ದರೆ ಭೇಟಿಯಾದ ಆ ಕ್ಷಣದಲ್ಲಿ ಹಗ್ಗ ಪೂರ್ತಿ ನೇರವಾಗಿಬಿಡುತ್ತದೆ. ಆಗ ಫೋಟೋ ತೆಗೆದರೆ ಅಲ್ಲಿ ಏನೂ ಇಲ್ಲ. ಮತ್ತೆ ಶಕ್ತಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಹಗ್ಗ ನೇರವಾಗಿದ್ದರೂ ಅದರ ತುಣುಕುಗಳು ಆ ಕ್ಷಣದಲ್ಲಿ ಜೋರಾಗಿ ಚಲಿಸುತ್ತಿವೆ, ಶಕ್ತಿಯೆಲ್ಲ ಆ ಚಲನೆಯಲ್ಲಿದೆ. ಮುಂದಿನ ಕ್ಷಣವೇ ಎರಡೂ ಉಬ್ಬುಗಳು ಮತ್ತೆ ಮೂಡಿ ತಮ್ಮ ತಮ್ಮ ದಾರಿ ಹಿಡಿಯುತ್ತವೆ.

ಇಷ್ಟು ಗೊತ್ತಾದರೆ ಸ್ವರ ಅಂದರೆ ಏನು ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಮೂಲೆ ಒಂದು ತುದಿಗೆ ಹೋಗಿ, ಇನ್ನೊಂದು ತುದಿಗೂ ಹೋಗಿ, ಹೊರಟ ಜಾಗಕ್ಕೆ ಬರುವುದು ಒಂದು ಸುತ್ತು. ಒಂದು ಸೆಕೆಂಡಿನಲ್ಲಿ ಎಷ್ಟು ಸುತ್ತು ಹಾಕುತ್ತದೋ ಅದೇ ಸ್ವರದ ಆವೃತ್ತಿ. 65 ಸೆಂಟಿಮೀಟರ್ ತಂತಿಯಲ್ಲಿ ಒಂದು ಸುತ್ತು 1.3 ಮೀಟರ್. 430ನ್ನು 1.3ರಿಂದ ಭಾಗಿಸಿದರೆ 330 ಬರುತ್ತದೆ, ಗಿಟಾರಿನ ಸಣ್ಣ ತಂತಿಯ ಸ್ವರ ಸರಿಯಾಗಿ ಅಷ್ಟೇ ಹರ್ಟ್ಸ್. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಸುತ್ತು ಅರ್ಧವಾಗುತ್ತದೆ, ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಫ್ರೆಂಚ್ ಪಾದ್ರಿ ಮರಾಂ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮಗಳು ಇದನ್ನೇ ಹೇಳುತ್ತವೆ. ಆತ ಎಷ್ಟು ಉದ್ದದ ತಂತಿ ಕಟ್ಟಿದ ಅಂದರೆ ಕಂಪನ ನಿಧಾನವಾಗಿ, ಕಣ್ಣಿನಲ್ಲೇ ನೋಡಿ ಒಂದೊಂದಾಗಿ ಎಣಿಸುವ ಹಾಗಾಯಿತು. ಆ ಎಣಿಕೆಯಿಂದ ಕಿವಿಗೆ ಕೇಳುವ ಚಿಕ್ಕ ತಂತಿಯ ಆವೃತ್ತಿಯನ್ನು ಲೆಕ್ಕ ಹಾಕಿದ. ಗಡಿಯಾರಗಳೇ ನೆಟ್ಟಗಿಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು.

ಬಿಗಿ ಮಾಡುತ್ತಾ ಹೋದರೆ ಸ್ವರ ಎಷ್ಟಾದರೂ ಏರುತ್ತದಾ? ಇಲ್ಲ, ತಂತಿ ಹರಿಯುತ್ತದೆ. ದಪ್ಪ ತಂತಿ ಹಾಕಿದರೆ ಜಾಸ್ತಿ ಬಿಗಿ ಮಾಡಬಹುದಲ್ವಾ ಅಂತ ಅನ್ನಿಸುತ್ತದೆ. ಮಾಡಬಹುದು, ಆದರೆ ದಪ್ಪದ ಜೊತೆ ತೂಕವೂ ಅಷ್ಟೇ ಏರುತ್ತದೆ, ಎರಡೂ ಒಂದಕ್ಕೊಂದು ವಜಾ ಆಗಿ ಅಲೆಯ ಗರಿಷ್ಠ ವೇಗ ಇದ್ದಷ್ಟೇ ಇರುತ್ತದೆ. ಒಂದೇ ಉದ್ದದ ಉಕ್ಕಿನ ತಂತಿಗಳು ಸಣ್ಣದಿರಲಿ ದಪ್ಪದಿರಲಿ, ಹೆಚ್ಚು ಕಡಿಮೆ ಒಂದೇ ಸ್ವರದ ಹತ್ತಿರ ಹರಿಯುತ್ತವೆ. ಅದನ್ನು ತೀರ್ಮಾನಿಸುವುದು ಉದ್ದ ಮತ್ತು ಲೋಹದ ಗಟ್ಟಿತನ ಮಾತ್ರ.

ಆ ಮೂಲೆಯ ಬಗ್ಗೆ 18ನೇ ಶತಮಾನದಲ್ಲಿ ದೊಡ್ಡ ಜಗಳವೇ ನಡೆದಿತ್ತು. 1747ರಲ್ಲಿ ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ ತಂತಿಯ ಚಲನೆಗೆ ಸಮೀಕರಣ ಬರೆದು ಬಿಡಿಸಿದ. ಉತ್ತರ ಬಹಳ ಸರಳ: ತಂತಿಯ ಯಾವುದೇ ಚಲನೆ ಅಂದರೆ ಬಲಕ್ಕೆ ಓಡುವ ಒಂದು ಆಕಾರ ಮತ್ತು ಎಡಕ್ಕೆ ಓಡುವ ಒಂದು ಆಕಾರ, ಎರಡರ ಮೊತ್ತ. ಆದರೆ ಆಕಾರ ನಯವಾಗಿರಬೇಕು, ಮೂಲೆ ಇದ್ದರೆ ಸಮೀಕರಣ ನಡೆಯುವುದಿಲ್ಲ ಅಂದ. ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಪ್ಪಲಿಲ್ಲ, ಕೈಯಲ್ಲಿ ಗೀಚಿದ ಯಾವ ಗೆರೆಯಾದರೂ ನಡೆಯುತ್ತದೆ, ಬೆರಳಿನಿಂದ ಎಳೆದ ತಂತಿಯಲ್ಲಿ ಮೂಲೆ ಇರುವುದು ಎದುರಿಗೇ ಇದೆಯಲ್ಲ ಅನ್ನುವುದು ಅವನ ನಿಲುವು. 1753ರಲ್ಲಿ ಡೇನಿಯಲ್ ಬರ್ನೂಲಿ ಮೂರನೇ ದಾರಿ ತೋರಿಸಿದ. ತಂತಿ ಒಂದು ಉಬ್ಬಾಗಿ ತೂಗಬಹುದು, ಎರಡು ಉಬ್ಬಾಗಿ, ಮೂರು ಉಬ್ಬಾಗಿ ತೂಗಬಹುದು. ಈ ಶುದ್ಧ ಕಂಪನಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಯಾವ ಆಕಾರ ಬೇಕಾದರೂ ಸಿಗುತ್ತದೆ ಅಂದ. ನಯವಾದ ಅಲೆಗಳನ್ನು ಕೂಡಿಸಿ ಚೂಪು ಮೂಲೆ ಮಾಡುವುದೇ? ಉಳಿದಿಬ್ಬರೂ ನಂಬಲಿಲ್ಲ. ಬರ್ನೂಲಿಯ ದಾರಿ ಸರಿ ಅಂತ ಗೊತ್ತಾಗಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು, 1807ರಲ್ಲಿ ಫೂರ್ಯೆ ಶಾಖದ ಹರಿವನ್ನು ಅಧ್ಯಯನ ಮಾಡುತ್ತಾ ಅದೇ ವಿಚಾರಕ್ಕೆ ಬಂದು ತಲುಪುವವರೆಗೆ. ಇವತ್ತು ಹಾಡನ್ನು ಚಿಕ್ಕ ಫೈಲಾಗಿಸುವಾಗಲೂ ಬಳಕೆಯಾಗುವುದು ಆ ಕೂಡಿಸುವ ವಿದ್ಯೆಯ ಮರಿಗಳೇ.

ಬರ್ನೂಲಿಯ ಈ ನೋಟವನ್ನು ಕೈಯಲ್ಲೇ ಪರೀಕ್ಷಿಸಬಹುದು. ತಂತಿಯ ಸರಿಯಾದ ನಡುವೆ ಮೀಟಿ, ಧ್ವನಿ ದುಂಡಗೆ, ಮೆತ್ತಗೆ ಇರುತ್ತದೆ. ಎರಡು ಉಬ್ಬಿನ ಕಂಪನಕ್ಕೆ ನಡುವೆ ಒಂದು ಅಲ್ಲಾಡದ ಜಾಗ ಬೇಕು, ನೀವು ಅಲ್ಲೇ ಎಳೆದಿದ್ದೀರಿ, ಹಾಗಾಗಿ ಅದು ಹುಟ್ಟುವುದೇ ಇಲ್ಲ. ನಾಲ್ಕು, ಆರು, ಎಂಟು ಉಬ್ಬಿನವೂ ಇಲ್ಲ. ಈಗ ತುದಿಯ ಹತ್ತಿರ ಮೀಟಿ, ಚುರುಕಾದ, ಲೋಹದಂಥ ಧ್ವನಿ. ಅಲ್ಲಿ ಹೆಚ್ಚು ಉಬ್ಬಿನ ಕಂಪನಗಳು, ಅಂದರೆ ಮೇಲಿನ ಹಾರ್ಮೋನಿಕ್‌ಗಳೆಲ್ಲ ಎದ್ದು ಬರುತ್ತವೆ. ಸ್ವರ ಒಂದೇ, ಬಣ್ಣ ಬೇರೆ.

ಕಮಾನಿನಿಂದ ನುಡಿಸುವ ಪಿಟೀಲಿನ ಕಥೆ ಇನ್ನೂ ಸೊಗಸು. ಕಮಾನು ತಂತಿಯನ್ನು ಅಂಟಿಸಿಕೊಂಡು ಎಳೆದೊಯ್ಯುತ್ತದೆ, ಒಂದು ಹಂತದಲ್ಲಿ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಅಂಟುತ್ತದೆ. ಯಾವಾಗ ಜಾರಬೇಕು ಅನ್ನುವುದನ್ನು ಹೇಳುವುದು ಓಡುವ ಮೂಲೆ. 1860ರ ದಶಕದ ಹೊತ್ತಿಗೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಂಪಿಸುವ ಮಸೂರವಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡುಕೊಂಡದ್ದು, ಇಲ್ಲಿ ಎರಡಲ್ಲ, ಒಂದೇ ಮೂಲೆ ಸುತ್ತು ಹೊಡೆಯುತ್ತಿರುತ್ತದೆ ಅನ್ನುವುದನ್ನು. ಅದು ಬಂದು ಕಮಾನನ್ನು ದಾಟಿದಾಗ ತಂತಿ ಬಿಡಿಸಿಕೊಳ್ಳುತ್ತದೆ, ತುದಿ ಮುಟ್ಟಿ ಮರಳುವಾಗ ಮತ್ತೆ ಅಂಟಿಸುತ್ತದೆ. ಕಮಾನನ್ನು ವೇಗವಾಗಿ ಎಳೆದರೂ ನಿಧಾನ ಎಳೆದರೂ ಸ್ವರ ಬದಲಾಗದೆ ಇರುವುದಕ್ಕೆ ಇದೇ ಕಾರಣ, ತಾಳ ಹಾಕುವವನು ಮೂಲೆ, ಕಮಾನು ಅಲ್ಲ. ಸಿ.ವಿ. ರಾಮನ್ ಬೆಳಕಿನ ಕೆಲಸಕ್ಕೆ ಹೆಸರಾಗುವ ಮೊದಲು, 1918ರಲ್ಲಿ, ಕಮಾನಿನ ತಂತಿಯ ಮೇಲೆ ಒಂದಕ್ಕಿಂತ ಹೆಚ್ಚು ಮೂಲೆಗಳು ಓಡುವ ಸಂದರ್ಭಗಳನ್ನು ವಿಂಗಡಿಸಿ ದೊಡ್ಡ ಪ್ರಬಂಧ ಬರೆದಿದ್ದರು. ಈ ವಿಷಯದಲ್ಲಿ ಕೆಲಸ ಮಾಡುವವರು ಅದನ್ನು ಈಗಲೂ ಓದುತ್ತಾರೆ.

ಇಲ್ಲಿಯವರೆಗೆ ತಂತಿ ಪೂರ್ತಿ ಬಳುಕುತ್ತದೆ ಅಂತ ಅಂದುಕೊಂಡಿದ್ದೆವು. ನಿಜವಾದ ತಂತಿಗೆ ಸ್ವಲ್ಪ ಸೆಡವು ಇರುತ್ತದೆ, ಬಗ್ಗಿಸಿದರೆ ನೆಟ್ಟಗಾಗಲು ನೋಡುತ್ತದೆ. ಕಡಿದಾದ ಬಾಗುಗಳಿಗೆ ಇದರಿಂದ ಹೆಚ್ಚುವರಿ ಬಲ ಸಿಕ್ಕಿ ಅವು ಸ್ವಲ್ಪ ಮುಂದೆ ಓಡುತ್ತವೆ, ಮೂಲೆ ಕ್ರಮೇಣ ಸವೆದು ದುಂಡಾಗುತ್ತದೆ, ಮೇಲಿನ ಹಾರ್ಮೋನಿಕ್‌ಗಳು ಇರಬೇಕಾದ್ದಕ್ಕಿಂತ ತುಸು ಏರಿರುತ್ತವೆ. ಪಿಯಾನೋ ಶ್ರುತಿ ಮಾಡುವವರು ಇದಕ್ಕಾಗಿಯೇ ಮೇಲಿನ ಸ್ವರಗಳನ್ನು ಲೆಕ್ಕಕ್ಕಿಂತ ಸ್ವಲ್ಪ ಮೇಲೆ, ಕೆಳಗಿನವನ್ನು ಸ್ವಲ್ಪ ಕೆಳಗೆ ಇಡುತ್ತಾರೆ. ಮಂದ್ರದ ತಂತಿಗಳಿಗೆ ಮೇಲೆ ತಾಮ್ರ ಸುತ್ತಿರುವುದೂ ಇದಕ್ಕೇ. ಸುತ್ತಿದ ತಾಮ್ರ ತೂಕ ಕೊಡುತ್ತದೆ, ಸೆಡವನ್ನು ಹೆಚ್ಚೇನೂ ಏರಿಸುವುದಿಲ್ಲ.

ಇದೇ ಲೆಕ್ಕ ಸೇತುವೆಗಳ ಕೇಬಲ್‌ಗಳಿಗೂ ಅನ್ವಯಿಸುತ್ತದೆ. ಕಟ್ಟಿ ಮುಗಿದ ಕೇಬಲ್ಲಿನಲ್ಲಿ ಎಷ್ಟು ಬಿಗಿತ ಇದೆ ಅಂತ ತೂಗಿ ನೋಡಲು ಆಗುವುದಿಲ್ಲ. ಎಂಜಿನಿಯರುಗಳು ಅದಕ್ಕೆ ಒಂದು ಸೆನ್ಸರ್ ಕಟ್ಟಿ, ಅದು ಗಾಳಿಗೋ ವಾಹನಕ್ಕೋ ಅಲುಗುವುದನ್ನು ಅಳೆಯುತ್ತಾರೆ. 100 ಮೀಟರ್ ಉದ್ದದ, ಮೀಟರಿಗೆ 60 ಕೆಜಿ ತೂಗುವ ಕೇಬಲ್ ಸೆಕೆಂಡಿಗೆ ಒಂದು ಸಲ ತೂಗಿತು ಅಂದುಕೊಳ್ಳಿ. ಸುತ್ತು 200 ಮೀಟರ್, ಅಂದರೆ ಅಲೆಯ ವೇಗ ಸೆಕೆಂಡಿಗೆ 200 ಮೀಟರ್, ಬಿಗಿತ ಸುಮಾರು 245 ಟನ್ ನೇತುಹಾಕಿದಷ್ಟು. ಆಮೇಲೆ ಎರಡನೇ, ಮೂರನೇ, ನಾಲ್ಕನೇ ಹಾರ್ಮೋನಿಕ್‌ಗಳನ್ನೂ ನೋಡುತ್ತಾರೆ. ಅವುಗಳ ನಡುವಿನ ಅಂತರ ಒಂದೇ ಸಮ ಇದ್ದರೆ ಕೇಬಲ್ ಒಳ್ಳೆಯ ತಂತಿಯ ಹಾಗೆ ವರ್ತಿಸುತ್ತಿದೆ. ಮೇಲೆ ಹೋದಂತೆ ಅಂತರ ಹಿಗ್ಗುತ್ತಿದ್ದರೆ, ಪಿಯಾನೋ ತಂತಿಯ ಅದೇ ಸೆಡವು, ಅದನ್ನು ಕಳೆದು ಲೆಕ್ಕ ಹಾಕುತ್ತಾರೆ. ಕೆಲವು ವರ್ಷ ಬಿಟ್ಟು ಬಂದು ಅಳೆದಾಗ ಸ್ವರ ಕೆಳಗಿಳಿದಿದ್ದರೆ ಮೊದಲು ಹುಡುಕುವುದು ಆ ಕೇಬಲ್ ಎಲ್ಲಿ ಸಡಿಲವಾಗಿದೆ ಅನ್ನುವುದನ್ನು.