ಬುಬುಟಿ: ಇಲ್ಲ ಅನ್ನಲಾಗದ ಕೇಳಿಕೆ

ನಿಮ್ಮ ಅಜ್ಜನ ತಮ್ಮನ ಮೊಮ್ಮಗ ಮನೆಗೆ ಬಂದಿದ್ದಾನೆ ಅಂದುಕೊಳ್ಳಿ. ಚಾಪೆ ಮೇಲೆ ಕೂರುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮೀನು ಸಿಕ್ತಾ, ಯಾರ ಮನೆಯಲ್ಲಿ ಹುಷಾರಿಲ್ಲ, ಹೀಗೆ ಸುಮಾರು ಹೊತ್ತು ಮಾತಾಡುತ್ತಾನೆ. ಏಳುವ ಮುಂಚೆ, ಹೊರಗೆ ನಿಂತಿರುವ ನಿಮ್ಮ ಸೈಕಲ್ ಬೇಕಿತ್ತು ಅನ್ನುತ್ತಾನೆ. ಸುಮ್ನೆ ಅಲ್ಲ, 'ಬುಬುಟಿ' ಅನ್ನುವ ಪದ ಸೇರಿಸಿ ಕೇಳುತ್ತಾನೆ. ಆ ಪದ ಬಂದ ಮೇಲೆ ಸೈಕಲ್ ಕೊಡಲೇಬೇಕು. ಇಲ್ಲ ಅಂದರೆ ನಾಚಿಕೆಗೇಡು. ಅದೂ ಕೇಳಿದವನಿಗಲ್ಲ, ನಿಮಗೆ.

ಇದು ಕಿರಿಬಾಟಿ ದೇಶದ ಪದ. ಪೆಸಿಫಿಕ್ ಸಾಗರದ ನಟ್ಟನಡುವೆ ಹರಡಿಕೊಂಡ 33 ದ್ವೀಪಗಳು, ಒಟ್ಟು ಜನ ಸುಮಾರು 1,20,000. ಬ್ರಿಟಿಷರ ಕಾಲದಲ್ಲಿ ಗಿಲ್ಬರ್ಟ್ ದ್ವೀಪಗಳು ಅನ್ನುತ್ತಿದ್ದರು, 1979ರಲ್ಲಿ ಸ್ವತಂತ್ರವಾಯಿತು. 'ಗಿಲ್ಬರ್ಟ್ಸ್' ಅನ್ನುವುದೇ ಅಲ್ಲಿನವರ ಬಾಯಲ್ಲಿ ಕಿರಿಬಾಟಿ ಆಯಿತು. ಅವರ ಬರಹದಲ್ಲಿ 'ಎಸ್' ಅಕ್ಷರವೇ ಇಲ್ಲ, 'ಟಿ', 'ಐ' ಎರಡೂ ಅಕ್ಷರ ಸೇರಿಸಿ (ti) ಬರೆದು 'ಸ' ಅಂತ ಓದುತ್ತಾರೆ. ಹಾಗಾಗಿ ದೇಶದ ಹೆಸರು ಕಿರಿಬಾಸ್, ನಮ್ಮ ಪದ ಬುಬುಸಿ. ಅದೇ ದೇಶದ ಕಿರಿಟಿಮಾಟಿ ಅನ್ನುವ ದ್ವೀಪದ ಹೆಸರನ್ನು ಈ ಲೆಕ್ಕದಲ್ಲಿ ಓದಿ ನೋಡಿ, ಕ್ರಿಸ್ಮಸ್ ಅಂತ ಕೇಳಿಸುತ್ತದೆ!

ಬುಬುಟಿಗೆ ಕನ್ನಡದಲ್ಲಿ ಏನನ್ನಬೇಕು? ನಾನು ತುಂಬಾ ಹುಡುಕಿದೆ. ಕೈಗಡ ಅಲ್ಲ, ಕೈಗಡಕ್ಕೆ ಬಡ್ಡಿ ಇರದಿದ್ದರೂ ವಾಪಸ್ ಕೊಡಬೇಕು. ಮುಯ್ಯಿ ಹತ್ತಿರ ಬರುತ್ತದೆ, ಆದರೆ ನಮ್ಮಲ್ಲಿ ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ ಅಲ್ವಾ, ಇಲ್ಲಿ ಪುಸ್ತಕವೇ ಇಲ್ಲ. ದಾನ ಅಂತೂ ಅಲ್ಲವೇ ಅಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಬುಬುಟಿಯಲ್ಲಿ ಕೇಳುವವನು ತಲೆ ತಗ್ಗಿಸಬೇಕಿಲ್ಲ, ನೆಂಟಸ್ತಿಕೆಯ ಹಕ್ಕಿನಿಂದ ಕೇಳುತ್ತಾನೆ. ನಾಳೆ ನಿಮಗೆ ಬೇಕಾದಾಗ ನೀವೂ ಅವನನ್ನು ಹಾಗೇ ಕೇಳಬಹುದು. ಆದರೆ ಈ ಹಕ್ಕು ದಾರಿಯಲ್ಲಿ ಹೋಗುವವರಿಗೆಲ್ಲ ಇಲ್ಲ. ಅದು ಮುಖ್ಯವಾಗಿ 'ಊಟು' ಒಳಗೆ ನಡೆಯುವುದು. ಊಟು ಅಂದರೆ ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿದ ದೊಡ್ಡ ಬಳಗ. ತೀರಾ ಆಸೆಬುರುಕನಾಗಿ ಪದೇಪದೇ ಕೇಳುವವನ ಹೆಸರೂ ಊರಲ್ಲಿ ಕೆಡುತ್ತದೆ.

ಇಂಥ ಪದ್ಧತಿ ಯಾಕೆ ಹುಟ್ಟಿತು ಅಂತ ತಿಳಿಯಬೇಕಾದರೆ ಅಲ್ಲಿನ ನೆಲ ನೋಡಬೇಕು. ಬಾನಾಬಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಹವಳದ ತಗ್ಗು ದ್ವೀಪಗಳು, ಹೆಚ್ಚಿನ ಕಡೆ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಹೊಳೆ ಇಲ್ಲ, ಬೆಟ್ಟ ಇಲ್ಲ, ಮಣ್ಣು ಅಂದರೆ ಹವಳದ ಪುಡಿ. ತೆಂಗು ಬೆಳೆಯುತ್ತದೆ, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಬೆಳೆಯುತ್ತದೆ. ನೆಲದಡಿಯ ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ, ಎಲೆಗೊಬ್ಬರ ಹಾಕಿ, ವರ್ಷಗಟ್ಟಲೆ ಕಾದು 'ಬಬಾಯ್' ಅನ್ನುವ ದೊಡ್ಡ ಕೆಸುವಿನ ಗಡ್ಡೆ ಬೆಳೆಸುತ್ತಾರೆ. ಮಳೆ ಕೈಕೊಟ್ಟರೆ ತಿಂಗಳುಗಟ್ಟಲೆ ಬರ. ಇವತ್ತು ನನ್ನ ದೋಣಿಗೆ ರಾಶಿ ಮೀನು ಬಿತ್ತು, ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ಎಲ್ಲಿಡುವುದು? ಪಕ್ಕದ ಮನೆಯ ಹೊಟ್ಟೆಯಲ್ಲಿಡುವುದೇ ಜಾಣತನ. ನಾಳೆ ನನಗೆ ಸಿಗದಿದ್ದಾಗ ಅವರ ಮನೆಯಿಂದ ಬರುತ್ತದೆ. ಬ್ಯಾಂಕು, ವಿಮೆ, ಪಿಂಚಣಿ, ಪಡಿತರ ಚೀಟಿ ಎಲ್ಲವೂ ಬುಬುಟಿಯೇ ಆಗಿತ್ತು.

ತೊಂದರೆ ಶುರುವಾದದ್ದು ದುಡ್ಡು ಬಂದ ಮೇಲೆ. ಮೀನು ಎರಡು ದಿನಕ್ಕೆ ಕೊಳೆಯುತ್ತದೆ, ದುಡ್ಡು ಕೊಳೆಯುವುದಿಲ್ಲ, ಕೂಡಿಡಬಹುದು. ಒಬ್ಬಾಕೆ ಚಿಕ್ಕ ಅಂಗಡಿ ಇಟ್ಟಳು ಅನ್ನಿ. ಅಕ್ಕಿ ಚೀಲ, ಸಕ್ಕರೆ, ತಂಬಾಕು, ಡಬ್ಬಿ ಮಾಂಸ. ಚಿಕ್ಕಪ್ಪ ಬಂದು ಒಂದು ಚೀಲ ಅಕ್ಕಿ ಬುಬುಟಿ ಕೇಳಿದರೆ ಬಿಲ್ ಕೊಡೋಕಾಗುತ್ತಾ? ಆಮೇಲೆ ಅತ್ತೆ, ಆಮೇಲೆ ಭಾವನ ಮಗ. ಕಪಾಟು ಖಾಲಿಯಾದ ಮೇಲೆ ಮತ್ತೆ ಸಾಮಾನು ತರಿಸಲು ಕೈಯಲ್ಲಿ ಕಾಸಿರುವುದಿಲ್ಲ. ಹೀಗೆ ಮುಚ್ಚಿದ ಅಂಗಡಿಗಳ ಕತೆ ಅಲ್ಲಿ ಮಾಮೂಲು.

ರಾಜಧಾನಿ ದಕ್ಷಿಣ ತಾರಾವಾದಲ್ಲಂತೂ ಇದು ಇನ್ನೂ ಬಿಗಿ. ದೇಶದ ಅರ್ಧಕ್ಕಿಂತ ಜಾಸ್ತಿ ಜನ ಆ ಸಣ್ಣ ಪಟ್ಟಿಯಲ್ಲೇ ಇದ್ದಾರೆ. ಜನ ಕಿಕ್ಕಿರಿದು ಬಾವಿ ನೀರು ಕೆಟ್ಟಿದೆ. ಸಂಬಳದ ಕೆಲಸ ಕಡಿಮೆ, ಇರುವುದೂ ಬಹುಪಾಲು ಸರ್ಕಾರದ್ದು. ಆಸ್ಪತ್ರೆಗೆ, ಓದಿಗೆ ಅಂತ ದೂರದ ದ್ವೀಪಗಳಿಂದ ಬಂದ ನೆಂಟರು ನೌಕರಿಯಲ್ಲಿರುವವರ ಮನೆಯಲ್ಲೇ ಉಳಿಯುತ್ತಾರೆ. ಊರಲ್ಲಾದರೆ ಕೇಳಿದವರ ಮನೆಯಿಂದ ತೆಂಗೋ ಮೀನೋ ತಿರುಗಿ ಬರುತ್ತಿತ್ತು. ಇಲ್ಲಿ ಬಂದವರ ಬಳಿ ಕೊಡಲು ಬಬಾಯ್ ಗುಂಡಿಯೂ ಇಲ್ಲ, ದೋಣಿಯೂ ಇಲ್ಲ. ಕೇಳಿಕೆ ಒಂದೇ ದಿಕ್ಕಿನಲ್ಲಿ ಹರಿಯತೊಡಗಿತು.

ಅಭಿವೃದ್ಧಿಯ ವರದಿ ಬರೆಯುವವರು ಬುಬುಟಿಯನ್ನು ಪ್ರಗತಿಗೆ ಅಡ್ಡಿ ಅಂತ ಒಂದೇ ಸಾಲಲ್ಲಿ ಮುಗಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅಂಗಡಿ ಮುಚ್ಚಿದ್ದು ನಿಜ, ಅದರ ನೋವೂ ನಿಜ. ಆದರೆ ಅದೇ ಬುಬುಟಿಯಿಂದ ಗಂಡ ಸತ್ತವಳ ಮನೆಯಲ್ಲಿ ಒಲೆ ಉರಿಯುತ್ತದೆ, ಕೆಲಸವಿಲ್ಲದ ಹುಡುಗನಿಗೆ ಊಟ ಸಿಗುತ್ತದೆ. ಅದನ್ನು ಕಿತ್ತು ಹಾಕಿ ಅಂತ ಹೇಳುವವರು ಆ ಜಾಗಕ್ಕೆ ಏನು ತರುತ್ತಾರೆ ಅಂತ ಮೊದಲು ಹೇಳಬೇಕು.

ಇನ್ನೊಂದು ಪದ ಇದರ ಜೊತೆಗೇ ಬರಬೇಕು: ಮನಿಯಾಬಾ. ಊರ ನಡುವಿನ ದೊಡ್ಡ ಸಭಾಮನೆ, ಇಳಿಜಾರು ಮಾಡು, ಗೋಡೆಯಿಲ್ಲ. ಒಳಗೆ ಪ್ರತಿ ಮನೆತನಕ್ಕೂ ಕೂರುವ ಜಾಗ ಗೊತ್ತಾಗಿದೆ, ಅದಕ್ಕೆ 'ಬೋಟಿ' ಅನ್ನುತ್ತಾರೆ. ಹಿರಿಯರು ಅಲ್ಲಿ ಕೂತು ಊರಿನ ವಿಷಯ ತೀರ್ಮಾನಿಸುತ್ತಾರೆ. ಸಂಸತ್ತಿನ ಹೆಸರಲ್ಲೂ ಮನಿಯಾಬಾ ಇದೆ. ಜಿಪುಣ ಅನ್ನಿಸಿಕೊಂಡವನು ಕೂಡ ಅದೇ ಸೂರಿನಡಿ, ಅದೇ ಬಳಗದ ಮುಂದೆ, ತನ್ನ ಬೋಟಿಯಲ್ಲೇ ಹೋಗಿ ಕೂರಬೇಕು. ಬುಬುಟಿಗೆ ಇಲ್ಲ ಅನ್ನುವುದು ಯಾಕೆ ಅಷ್ಟು ಕಷ್ಟ ಅಂತ ಅಲ್ಲಿ ಗೊತ್ತಾಗುತ್ತದೆ.

ಹಾಗಂತ ಜನ ಸುಮ್ಮನೆ ಕೂತಿಲ್ಲ. ದುಡ್ಡು ಕೈಗೆ ಬಂದ ತಕ್ಷಣ ಮಕ್ಕಳ ಫೀಸು ಕಟ್ಟುತ್ತಾರೆ, ಮನೆಗೆ ತಗಡು ತರುತ್ತಾರೆ. ತಗಡು ಒಮ್ಮೆ ಮಾಡಿಗೆ ಏರಿದರೆ ಅದನ್ನು ಬಿಚ್ಚಿಕೊಡು ಅಂತ ಯಾರು ಕೇಳುತ್ತಾರೆ? ದಕ್ಷಿಣ ತಾರಾವಾದ ಬೆಟಿಯೊದಲ್ಲಿ ನಾವಿಕರ ತರಬೇತಿ ಶಾಲೆ ಇದೆ, ಅಲ್ಲಿ ಕಲಿತ ಎಷ್ಟೋ ಹುಡುಗರು ಜರ್ಮನ್ ಕಂಪನಿಗಳ ಹಡಗುಗಳಲ್ಲಿ ದುಡಿದಿದ್ದಾರೆ. ಈಗ ಹಣ್ಣು ಕೀಳುವ ಕೆಲಸಕ್ಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೂ ಹೋಗುತ್ತಾರೆ. ಅಲ್ಲಿಗೂ ಬಳಗದ ಕೇಳಿಕೆ ಮುಟ್ಟುತ್ತದೆ, ಫೋನಿನಲ್ಲಿ. ಮೊದಲು ಮಳೆ ಬಂತಾ, ಅಜ್ಜಿ ಹೇಗಿದ್ದಾರೆ ಅನ್ನುವ ಮಾತು, ಆಮೇಲೆ ಆ ಪದ.